‘ಮಗಳ ಹಾಗೆ’ ಎಂಬ ಮಾತು: ‘ಸುಜಾತಾ’ ಚಿತ್ರದ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬಿಮಲ್ ರಾಯ್ ಅವರ 1959ರ ಹಿಂದಿ ಚಿತ್ರ ‘ಸುಜಾತಾ’ದ ಬಗ್ಗೆ ಕೆಲವೇ ಸಾಲು ಬರೆದಿದ್ದೆ. ಕಾಸರಗೋಡಿನ ಒಳನಾಡಿನ ಒಂದು ವಾಚನಾಲಯದಲ್ಲಿ, ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದ ಆ ಚಿತ್ರವನ್ನು ಇಪ್ಪತ್ತೈದು ಮೂವತ್ತು ಮಂದಿಯ ಜೊತೆ ಕುಳಿತು ನೋಡಿದ್ದೆ. ಅದೊಂದು ಮದುವೆಯ ಕಥೆ, ಚಿತ್ರ ಮುಗಿದ ಮೇಲೂ ಯಾರೂ ಬೇಗನೆ ಏಳಲಿಲ್ಲ ಎಂದಷ್ಟೇ ಬರೆದಿದ್ದೆ. ಅದನ್ನು ಓದಿ, ಚಿತ್ರವನ್ನು ಹುಡುಕಿ ನೋಡಿ, ಬಹಳ ಮಂದಿ ಪತ್ರ ಬರೆದಿದ್ದೀರಿ. ಹೆಚ್ಚಿನ ಪತ್ರಗಳು ಹಾಡನ್ನೋ ನಟಿಯನ್ನೋ ಕುರಿತವಲ್ಲ, ನಮ್ಮ ನಮ್ಮ ಮನೆಗಳನ್ನು ಕುರಿತವು. ಆದ್ದರಿಂದ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇವುಗಳಿಗೇ ಉತ್ತರಿಸುತ್ತೇನೆ. ಪತ್ರ ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ (ಪೆರ್ಲದಿಂದ ಒಬ್ಬ ಗೃಹಿಣಿ): ‘ಸುಜಾತಾ’ವನ್ನು ನೀವು ಮದುವೆಯ ಕಥೆ ಎಂದಿರಿ. ಡಿಗ್ರಿ ಓದುತ್ತಿರುವ ನನ್ನ ಮಗಳು ಅದು ಜಾತಿಯ ಕಥೆ ಎಂದು ವಾದಿಸುತ್ತಾಳೆ. ನಾನು ಚಿತ್ರ ನೋಡಿಲ್ಲ. ಯಾವುದು ಸರಿ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ನಾನು ಮದುವೆಯ ಕಥೆ ಎಂದದ್ದಕ್ಕೂ ಕಾರಣವಿದೆ. ನೀವು ಚಿತ್ರ ನೋಡಿಲ್ಲವಾದ್ದರಿಂದ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಉಪೇಂದ್ರನಾಥ ಚೌಧರಿ ಎಂಬ ಬ್ರಾಹ್ಮಣ ಇಂಜಿನಿಯರರ ಕೈಕೆಳಗೆ ದುಡಿಯುತ್ತಿದ್ದ ದಲಿತ ದಂಪತಿ ಕಾಲರಾದಿಂದ ತೀರಿಕೊಳ್ಳುತ್ತಾರೆ. ಅವರ ಹಸುಳೆಯನ್ನು ನೋಡಿಕೊಳ್ಳುವವರು ಯಾರೂ ಇಲ್ಲದೆ ಅದು ಈ ಮನೆಗೆ ಬರುತ್ತದೆ. ನಾಲ್ಕು ದಿನದ ಮಟ್ಟಿಗೆ ಎಂದು ಬಂದ ಮಗು, ಇಂದು ಕಳಿಸೋಣ ನಾಳೆ ಕಳಿಸೋಣ ಎನ್ನುವಷ್ಟರಲ್ಲಿ, ಅದೇ ಮನೆಯಲ್ಲಿ ಬೆಳೆದು ದೊಡ್ಡದಾಗುತ್ತದೆ. ಅವಳೇ ಸುಜಾತಾ. ಚೌಧರಿ ದಂಪತಿಗೆ ರಮಾ ಎಂಬ ಸ್ವಂತ ಮಗಳಿದ್ದಾಳೆ. ರಮಾ ಕಾಲೇಜಿಗೆ ಹೋಗುತ್ತಾಳೆ, ಸುಜಾತಾ ಮನೆಗೆಲಸ ನೋಡಿಕೊಳ್ಳುತ್ತಾಳೆ. ರಮಾಳಿಗೆಂದು ಮನೆಯವರು ಮನಸ್ಸಿನಲ್ಲಿಟ್ಟುಕೊಂಡ ಅಧೀರ ಎಂಬ ಹುಡುಗ ಒಲಿಯುವುದು ಸುಜಾತಾಳಿಗೆ. ಜಾತಿಯ ಪ್ರಶ್ನೆ ಏಳುವುದು ಅಲ್ಲಿಂದಲ್ಲ, ಅದು ಮೊದಲಿನಿಂದಲೂ ಮನೆಯೊಳಗೆ ಸದ್ದಿಲ್ಲದೆ ಇತ್ತು. ಅದು ಬಾಯಿ ಬಿಟ್ಟು ಮಾತಾಡುವುದು ಮದುವೆಯ ಸುದ್ದಿ ಬಂದಾಗ. ಒಂದು ಮನೆ ಯಾರನ್ನು ತನ್ನವರೆಂದು ತಿಳಿದಿದೆ ಎಂಬುದು ಉಣ್ಣಲು ಕುಳಿತಾಗ ಅರ್ಧ ಗೊತ್ತಾದರೆ, ಮದುವೆಯ ಮಾತು ಎತ್ತಿದಾಗ ಪೂರ್ತಿ ಗೊತ್ತಾಗುತ್ತದೆ. ಹಾಗಾಗಿ ನಾನು ಮದುವೆಯ ಕಥೆ ಎಂದೆ.

ಇಡೀ ಚಿತ್ರವನ್ನು ಹಿಡಿದು ನಿಲ್ಲಿಸಿರುವುದು ಒಂದೇ ಒಂದು ಪದ. ಮನೆಗೆ ಬಂದವರು ಈ ಹುಡುಗಿ ಯಾರು ಎಂದು ಕೇಳಿದಾಗಲೆಲ್ಲ ತಾಯಿ ಚಾರು ಹೇಳುವುದು ‘ಬೇಟಿ ಜೈಸೀ’ ಎಂದು, ಮಗಳ ಹಾಗೆ. ರಮಾ ಮಗಳು, ಸುಜಾತಾ ಮಗಳ ಹಾಗೆ. ಆ ‘ಹಾಗೆ’ಯಲ್ಲಿ ಬೈಗುಳವಿಲ್ಲ, ಹೊಡೆತವಿಲ್ಲ. ಹೇಳುವವರಿಗೆ ತಾವು ಔದಾರ್ಯ ತೋರಿಸುತ್ತಿದ್ದೇವೆ ಎಂದೇ ಅನಿಸುತ್ತದೆ. ಕೇಳುವವಳಿಗೆ ಮಾತ್ರ ಪ್ರತಿಸಲವೂ ಹೊಸ್ತಿಲು ಕಾಣಿಸುತ್ತದೆ.

ನಮ್ಮ ಕಡೆಯ ಮಾತಿನ ರೀತಿಯನ್ನೇ ನೋಡಿ. ಕಾಸರಗೋಡಿನ ಬಸ್ಸಿನಲ್ಲಿ ಕಂಡಕ್ಟರು ಯಾವ ಹುಡುಗಿಯನ್ನಾದರೂ ಮಲಯಾಳದಲ್ಲಿ ‘ಮೋಳೇ’ (ಮಗಳೇ) ಎಂದು ಕರೆದು ಚೀಟಿ ಕೊಡುತ್ತಾನೆ. ಅಂಗಡಿಯವರೂ ಆಸ್ಪತ್ರೆಯ ದಾದಿಯೂ ಹಾಗೆಯೇ ಕರೆಯುತ್ತಾರೆ. ಕನ್ನಡ ಮಾತಾಡುವ ಮನೆಗಳಲ್ಲಿ ಹಿರಿಯರು ನೆರೆಮನೆಯ ಮಕ್ಕಳನ್ನೂ ‘ಮಗಾ’ ಎನ್ನುತ್ತಾರೆ. ಎದುರಿಗಿರುವವಳನ್ನು ಮಗಳೇ ಎಂದು ಕರೆಯಲು ಯಾರಿಗೂ ಏನೂ ಖರ್ಚಿಲ್ಲ. ಮೂರನೆಯವರ ಮುಂದೆ, ಅದೂ ನೆಂಟರ ಮುಂದೆ, ‘ಇವಳು ನನ್ನ ಮಗಳು’ ಎಂದು ಪರಿಚಯಿಸುವುದೇ ಕಷ್ಟ. ಬಿಮಲ್ ರಾಯ್ ಹಿಡಿದದ್ದು ಕರೆಯುವುದಕ್ಕೂ ಪರಿಚಯಿಸುವುದಕ್ಕೂ ನಡುವೆ ಇರುವ ಈ ಅಂತರವನ್ನು. ಬಂಗಾಳಿ ಲೇಖಕ ಸುಬೋಧ್ ಘೋಷ್ ಅವರ ಕಥೆಯಿಂದ ಬಂದ ಈ ಹುಡುಗಿಯ ಹೆಸರನ್ನೂ ಗಮನಿಸಿ. ಸುಜಾತಾ ಎಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದವಳು. ಮನೆಯವರು ಹೆಸರಿನಲ್ಲಿ ಕೊಟ್ಟದ್ದನ್ನು ಪರಿಚಯ ಹೇಳುವಾಗ ಹಿಂದಕ್ಕೆ ಪಡೆದರು.

ಪ್ರಶ್ನೆ (ಉಪ್ಪಳದಿಂದ ಒಬ್ಬ ಓದುಗರು): ಟೆಲಿಫೋನಿನಲ್ಲಿ ಹಾಡುವ ಹಾಡು ಆ ಕಾಲಕ್ಕೆ ಚೆನ್ನಾಗಿತ್ತೇನೋ. ಈಗ ನೋಡುವಾಗ ನನಗೆ ಕೃತಕವಾಗಿ ಕಂಡಿತು. ನಿಮಗೆ?

ಉತ್ತರ: ನನಗೆ ಹಾಗೆ ಕಾಣಲಿಲ್ಲ. ತಲತ್ ಮಹಮೂದ್ ಹಾಡಿರುವ, ಮಜ್ರೂಹ್ ಸುಲ್ತಾನ್‌ಪುರಿ ಬರೆದು ಎಸ್. ಡಿ. ಬರ್ಮನ್ ರಾಗ ಹಾಕಿರುವ ಆ ಹಾಡನ್ನು ಇನ್ನೊಮ್ಮೆ ನೋಡುವಾಗ, ಅಧೀರನಾಗಿ ಹಾಡುತ್ತಿರುವ ಸುನೀಲ್ ದತ್ತರನ್ನು ಬಿಟ್ಟು, ಸುಜಾತಾಳಾಗಿ ಕೇಳಿಸಿಕೊಳ್ಳುತ್ತಿರುವ ನೂತನ್‌ರನ್ನೇ ನೋಡಿ. ಹಾಡು ಮುಗಿಯುವ ತನಕ ಆಕೆಗೆ ಒಂದೇ ಒಂದು ಮಾತಿಲ್ಲ. ರಿಸೀವರನ್ನು ಕಿವಿಗೊತ್ತಿ ನಿಂತಿದ್ದಾಳೆ. ಕಣ್ಣು ತುಂಬುತ್ತದೆ. ಆ ಮುಖದಲ್ಲಿ ಸಂತೋಷ ಏಳುತ್ತದೆ, ಅದರ ಬೆನ್ನಿಗೇ ತನಗೆ ಈ ಸಂತೋಷದ ಹಕ್ಕಿಲ್ಲ ಎಂಬ ಹೆದರಿಕೆಯೂ ಏಳುತ್ತದೆ. ಫೋನು ಇರುವುದು ಚೌಧರಿಯವರ ಮನೆಯಲ್ಲಿ. ಒಲಿದವನ ದನಿಯೂ ಅವಳಿಗೆ ಬರುವುದು ಆ ಮನೆಯವರ ತಂತಿಯ ಮೂಲಕವೇ. ಅವಳದೆನ್ನುವ ಒಂದು ಮೂಲೆ ಆ ಮನೆಯಲ್ಲಿಲ್ಲ. ಇಪ್ಪತ್ತಮೂರರ ಪ್ರಾಯದಲ್ಲಿ ನೂತನ್ ಮಾಡಿದ ಈ ಪಾತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಮಾತಿಲ್ಲದ ಆ ಕೆಲವು ನಿಮಿಷಗಳಿಗಾಗಿಯೇ ಬಂತೆಂದು ನಾನು ತಿಳಿದಿದ್ದೇನೆ.

ಪ್ರಶ್ನೆ (ಮಂಜೇಶ್ವರದಿಂದ ಒಬ್ಬ ಪದವಿ ವಿದ್ಯಾರ್ಥಿನಿ): ಕೊನೆಗೆ ಚಾರು ಮೆಟ್ಟಿಲಿನಿಂದ ಬಿದ್ದು ಆಸ್ಪತ್ರೆ ಸೇರುತ್ತಾಳೆ, ಅವಳದು ಅಪರೂಪದ ರಕ್ತದ ಗುಂಪು, ಮನೆಯಲ್ಲಿ ಸುಜಾತಾಳ ರಕ್ತ ಮಾತ್ರ ಹೊಂದುತ್ತದೆ, ಅದನ್ನು ಕೊಟ್ಟ ಮೇಲೆ ತಾಯಿಯ ಮನಸ್ಸು ಬದಲಾಗುತ್ತದೆ. ನನಗೆ ಸಿಟ್ಟು ಬಂತು. ಮಗಳಾಗಲು ರಕ್ತ ಕೊಡಬೇಕೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೂ ಆ ದೃಶ್ಯವನ್ನು ಪೂರ್ತಿ ತಳ್ಳಿಹಾಕುವ ಮೊದಲು, 1959ರಲ್ಲಿ ಅದನ್ನು ನೋಡಿದವರು ಯಾರು ಎಂಬುದನ್ನು ಸ್ವಲ್ಪ ಯೋಚಿಸಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿ ಆಗ ಹತ್ತು ವರ್ಷವೂ ಆಗಿರಲಿಲ್ಲ. ಅದನ್ನು ಆಚರಿಸಿದರೆ ಶಿಕ್ಷೆ ಎಂಬ ಕಾಯ್ದೆ ಬಂದದ್ದು 1955ರಲ್ಲಿ. ದೇವಸ್ಥಾನ, ಬಾವಿ, ಹೋಟೆಲು, ಶಾಲೆ ಇವುಗಳ ಬಾಗಿಲಿನ ತನಕ ಕಾಯ್ದೆ ಬಂದು ನಿಂತಿತು. ಮನೆಯ ಅಡುಗೆ ಕೋಣೆಯೊಳಗೆ ಅದು ಬರುವಂತಿರಲಿಲ್ಲ.

ನನ್ನ ಅಜ್ಜಿಮನೆಯ ಒಂದು ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ತೋಟದ ಕೆಲಸಕ್ಕೆ ಬಂದವರಿಗೆ ಬೆಳಗ್ಗಿನ ಚಹಾವನ್ನು ಗೆರಟೆಯಲ್ಲಿ, ಎಂದರೆ ತೆಂಗಿನ ಚಿಪ್ಪಿನಲ್ಲಿ, ಕೊಡುತ್ತಿದ್ದರು. ಚೆನ್ನಾಗಿ ಕೆರೆದು ನಯ ಮಾಡಿದ ಗೆರಟೆಗಳನ್ನು ಹಟ್ಟಿಯ ಮಾಡಿನ ಎಡೆಯಲ್ಲಿ ಸಿಕ್ಕಿಸಿ ಇಟ್ಟಿರುತ್ತಿದ್ದರು, ಬೇಕಾದವರು ತೆಗೆದು, ಕುಡಿದು, ತೊಳೆದು, ಅಲ್ಲಿಯೇ ಇಡಬೇಕು. ಚಹಾವನ್ನು ಎತ್ತರದಿಂದ ಎರೆಯುತ್ತಿದ್ದ ಅಜ್ಜಿಯ ಕೈ ಒಮ್ಮೆಯೂ ಗೆರಟೆಗೆ ತಾಗಿದ್ದನ್ನು ನಾನು ಕಾಣೆ. ನಾನು ಶಾಲೆಗೆ ಹೋಗಲು ಸುರುಮಾಡಿದ ಮೇಲೆ ಗೆರಟೆಯ ಜಾಗಕ್ಕೆ ಸ್ಟೀಲಿನ ಲೋಟೆಗಳು ಬಂದವು, ಆದರೆ ಆ ಲೋಟೆಗಳೂ ಹಟ್ಟಿಯ ಮಾಡಿನಲ್ಲಿಯೇ ಇದ್ದವು. ಅಜ್ಜಿ ಕೆಟ್ಟವರಲ್ಲ, ಹೆರಿಗೆಗೆ ರಾತ್ರಿ ಹೊತ್ತು ಚೂಟೆಯ ಬೆಳಕು ಹಿಡಿದು ಓಡಿದವರು, ಹಸಿದು ಬಂದವರಿಗೆ ತಮ್ಮ ಪಾಲಿನ ಗಂಜಿ ಬಡಿಸಿದವರು. ಮೈಲಿಗೆ ಎಂಬುದು ಇನ್ನೊಬ್ಬರ ಮೈಯೊಳಗೆ ಇರುವ ವಸ್ತು, ಅದು ಮುಟ್ಟಿದರೆ ದಾಟಿ ಬರುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು.

ಆ ನಂಬಿಕೆಯ ಎದುರು ಬಿಮಲ್ ರಾಯ್ ರಕ್ತವನ್ನು ಇಟ್ಟರು. ಮುಟ್ಟಿದರೇ ಮೈಲಿಗೆ ಎನ್ನುವವಳ ನಾಳದೊಳಗೆ ಮುಟ್ಟಬಾರದವಳ ರಕ್ತ ಹರಿಯುತ್ತಿದೆ, ಅದರಿಂದಲೇ ಅವಳು ಬದುಕಿದ್ದಾಳೆ, ಇನ್ನು ಯಾವ ನೀರಿನಲ್ಲಿ ಮಿಂದು ಅದನ್ನು ಕಳೆಯುವುದು? ರಕ್ತದ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 20ನೇ ಶತಮಾನದ ಆರಂಭದಲ್ಲಿ ಗುರುತಿಸಿದ್ದ, ಅದಕ್ಕೆ ನೊಬೆಲ್ ಬಂದದ್ದು 1930ರಲ್ಲಿ. ಎ, ಬಿ, ಒ ಎಂದು ವಿಂಗಡಿಸುವ ಆ ಲೆಕ್ಕಕ್ಕೂ ನಮ್ಮ ಜಾತಿಯ ಲೆಕ್ಕಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದನ್ನು ಭಾಷಣವಿಲ್ಲದೆ ತೋರಿಸಲು ಆ ಕಾಲದ ನಿರ್ದೇಶಕನಿಗೆ ಇದಕ್ಕಿಂತ ನೇರವಾದ ದಾರಿ ಸಿಗಲಾರದು. ಅಜ್ಜಿ ಈ ಚಿತ್ರ ನೋಡಿದ್ದರೆ ಆ ದೃಶ್ಯ ಅವರನ್ನು ಖಂಡಿತ ಅಲುಗಿಸುತ್ತಿತ್ತು.

ಇಷ್ಟು ಹೇಳಿ ನಿಮ್ಮ ಮಾತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೇ ದೊಡ್ಡದು. ರಮಾ ಮಗಳಾಗಲು ಏನನ್ನೂ ಕೊಡಬೇಕಾಗಲಿಲ್ಲ. ಅವಳ ರಕ್ತ ತಾಯಿಗೆ ಹೊಂದಲಿಲ್ಲ, ಆದರೂ ಅವಳು ಮಗಳಾಗಿಯೇ ಉಳಿದಳು. ಸುಜಾತಾಳ ರಕ್ತವೂ ಹೊಂದದಿದ್ದರೆ? ಆಗ ಅವಳು ಜೀವಮಾನವಿಡೀ ‘ಹಾಗೆ’ಯಾಗಿಯೇ ಉಳಿಯುತ್ತಿದ್ದಳು ಎಂದಾಗುತ್ತದೆ. ಹುಟ್ಟಿದ ಮಗಳಿಗೆ ಋಣವಿಲ್ಲ, ಮಗಳ ಹಾಗೆ ಇರುವವಳಿಗೆ ಪ್ರತಿ ತುತ್ತೂ ಋಣ. ಅಧೀರ ಕೈಹಿಡಿಯುತ್ತೇನೆ ಎಂದಾಗ ಅವಳು ಬೇಡವೆನ್ನುವುದು ಈ ಅನ್ನದ ಋಣಕ್ಕಾಗಿಯೇ, ರಮಾಳಿಗೆಂದು ಇಟ್ಟದ್ದನ್ನು ತಾನು ಮುಟ್ಟಬಾರದು ಎಂಬ ಅಂಜಿಕೆಯಿಂದಲೇ. ಚಿತ್ರ ಈ ಋಣದ ಲೆಕ್ಕವನ್ನು ಹರಿದುಹಾಕಬೇಕಿತ್ತು. ಅದು ಮಾಡಿದ್ದು ಸಾಲ ತೀರಿತು ಎಂದು ಬರೆದುಕೊಂಡದ್ದು. ಚಿತ್ರದ ದೌರ್ಬಲ್ಯ ಇರುವುದು ಇಲ್ಲಿಯೇ, ಅದನ್ನು ಮುಚ್ಚಿಡುವ ಆಸೆ ನನಗಿಲ್ಲ.

ಇನ್ನೊಂದು ಮಾತು. ಚಾರುವಿನ ಮೇಲೆ ಸಿಟ್ಟಾಗುವ ನಾವು ಉಪೇಂದ್ರನಾಥರನ್ನು ಸುಲಭವಾಗಿ ಬಿಟ್ಟುಬಿಡುತ್ತೇವೆ. ತರುಣ್ ಬೋಸ್ ಮಾಡಿರುವ ಆ ಪಾತ್ರ ಎಷ್ಟು ಮೃದು ಎಂದರೆ, ಇಂಥ ತಂದೆ ಎಲ್ಲರಿಗೂ ಇರಲಿ ಎನಿಸುತ್ತದೆ. ಹುಡುಗಿಯ ಮೇಲೆ ಅವರಿಗೆ ನಿಜವಾದ ಅಕ್ಕರೆಯೂ ಇದೆ. ಆದರೆ ಹೆಂಡತಿ ‘ಹಾಗೆ’ ಎಂದಾಗ ‘ಹಾಗೆ ಅಲ್ಲ, ಮಗಳೇ’ ಎಂದು ತಿದ್ದಿ ಆ ಮಾತನ್ನು ಮನೆಯಿಂದ ಹೊರಹಾಕುವ ಕೆಲಸ ಅವರಿಂದ ಆಗಲಿಲ್ಲ. ಅಕ್ಕರೆಯುಳ್ಳವರ ಮೌನ ಎಷ್ಟು ನೋಯಿಸುತ್ತದೆ ಎಂಬುದು ನನಗೆ ಗೊತ್ತು. ಗೆರಟೆಯ ಚಹಾವನ್ನು ದಿನಾ ಕಾಣುತ್ತಿದ್ದ ನನ್ನ ಅಜ್ಜ ಒಂದು ಮಾತನ್ನೂ ಆಡಿದವರಲ್ಲ.

ಪ್ರಶ್ನೆ (ಕುಂಬಳೆಯಿಂದ ಒಬ್ಬ ನಿವೃತ್ತ ಗುಮಾಸ್ತರು): ಚೌಧರಿಯವರು ಹುಡುಗಿಯನ್ನು ಕ್ರಮಪ್ರಕಾರ ದತ್ತು ತೆಗೆದುಕೊಂಡಿದ್ದರೆ ಈ ರಗಳೆಯೇ ಇರಲಿಲ್ಲವಲ್ಲ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಉತ್ತರ ನಿಮ್ಮನ್ನು ಬೆರಗುಗೊಳಿಸಬಹುದು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂದದ್ದು 1956ರಲ್ಲಿ, ಎಂದರೆ ಚಿತ್ರಕ್ಕಿಂತ ಮೂರು ವರ್ಷ ಮೊದಲು. ಅದಕ್ಕಿಂತ ಹಿಂದಿನ ಶಾಸ್ತ್ರದಲ್ಲಿ ದತ್ತು ಎಂದರೆ ಗಂಡುಮಗುವಿನ ಮಾತು. ಕೆಲವು ಕಡೆಯ ರೂಢಿಗಳನ್ನು ಬಿಟ್ಟರೆ ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವ ಕ್ರಮವೇ ಇರಲಿಲ್ಲ. 1956ರ ಕಾಯ್ದೆ ಹೆಣ್ಣಿಗೂ ಬಾಗಿಲು ತೆರೆಯಿತು, ಆದರೆ ಒಂದು ನಿಬಂಧನೆ ಹಾಕಿತು. ಹೆಣ್ಣುಮಗುವನ್ನು ದತ್ತು ಪಡೆಯುವವರಿಗೆ ಆ ಹೊತ್ತಿಗೆ ಜೀವಂತ ಇರುವ ಹಿಂದೂ ಮಗಳಾಗಲಿ ಮಗನ ಮಗಳಾಗಲಿ ಇರಬಾರದು. ರಮಾ ಇರುವ ಮನೆಯಲ್ಲಿ ಈ ಕಾಯ್ದೆಯ ಪ್ರಕಾರವೂ ಸುಜಾತಾ ದತ್ತುಮಗಳಾಗುವಂತಿರಲಿಲ್ಲ.

ಇದರ ಜೊತೆಗೆ 1955ರ ಹಿಂದೂ ವಿವಾಹ ಕಾಯ್ದೆಯನ್ನು ಇಟ್ಟು ನೋಡಿ. ಅದರಲ್ಲಿ ವಧೂವರರ ಜಾತಿ ಒಂದೇ ಇರಬೇಕೆಂಬ ಮಾತೇ ಇಲ್ಲ. ಅಂದರೆ 1959ರಲ್ಲಿ ಸುಜಾತಾ ಬ್ರಾಹ್ಮಣರ ಮನೆಯ ಸೊಸೆಯಾಗಲು ಕಾನೂನಿನ ಅಡ್ಡಿ ಇರಲಿಲ್ಲ, ತನ್ನನ್ನು ಸಾಕಿದ ಬ್ರಾಹ್ಮಣರ ಮನೆಯ ಮಗಳಾಗಲು ಇತ್ತು. ಕಾಗದಪತ್ರದ ದಾರಿ ಮುಚ್ಚಿದ್ದರಿಂದಲೇ ಬಾಯಿಮಾತಿಗೆ ಅಷ್ಟು ಬೆಲೆ ಬಂದದ್ದು. ಆ ಹುಡುಗಿಗೆ ಮಗಳೆನ್ನುವ ಸ್ಥಾನ ಸಿಗಬಹುದಾಗಿದ್ದದ್ದು ಚಾರುವಿನ ನಾಲಗೆಯಿಂದ ಮಾತ್ರ.

ಪ್ರಶ್ನೆ (ಕಾಸರಗೋಡು ಪೇಟೆಯಿಂದ ಒಬ್ಬ ಅಧ್ಯಾಪಕರು): ಇಂಥ ಮದುವೆಗಳು ಸಿನಿಮಾದಲ್ಲಿ ಮಾತ್ರ ನಡೆಯುತ್ತವೆ ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ನಮ್ಮ ಕಡೆಯದೇ ಉದಾಹರಣೆ ಕೊಡಬಹುದೇ?

ಉತ್ತರ: ನಿಮ್ಮ ಊರಿನಲ್ಲಿಯೇ ಹುಟ್ಟಿದ ಕುದ್ಮುಲ್ ರಂಗರಾಯರ ಮನೆಯ ಕಥೆಯನ್ನು ಮಕ್ಕಳಿಗೆ ಹೇಳಿ. ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, ತಮ್ಮ ಜಾತಿಯವರ ಬಹಿಷ್ಕಾರವನ್ನು ತಡೆದುಕೊಂಡರು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡವನಾಗಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು ಎಂಬ ಅವರ ಆಸೆಯ ಮಾತನ್ನು ನಮ್ಮ ಕಡೆಯಲ್ಲಿ ಕೇಳದವರು ಕಡಿಮೆ. ಅವರ ಮಗಳು ರಾಧಾಬಾಯಿ ಮದುವೆಯಾದದ್ದು ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರನ್ನು. ಅವರು ಗೌಂಡರ್ ಸಮುದಾಯದವರು, ಮುಂದೆ 1926ರಲ್ಲಿ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದವರು. ರಾಧಾಬಾಯಿಯವರು 1930ರ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು.

ಈ ಉದಾಹರಣೆಯನ್ನು ಕೊಡುವಾಗ ಅದರ ಮಿತಿಯನ್ನೂ ಮಕ್ಕಳಿಗೆ ಹೇಳಬೇಕೆಂದು ನನ್ನ ವಿನಂತಿ. ಅಲ್ಲಿ ಜಾತಿಯ ಗೆರೆ ದಾಟಿದ್ದು ನಿಜ, ಅದಕ್ಕೆ ಆ ಕಾಲದಲ್ಲಿ ಬೇಕಾದ ಧೈರ್ಯ ಸಣ್ಣದಲ್ಲ. ಆದರೆ ಎರಡೂ ಮನೆಗಳಲ್ಲಿ ವಿದ್ಯೆಯಿತ್ತು, ಅನುಕೂಲವಿತ್ತು, ಸಮಾಜದಲ್ಲಿ ಹೆಸರಿತ್ತು. ಸುಜಾತಾಳ ಕೈಯಲ್ಲಿ ಏನಿದೆ? ಓದಿಲ್ಲ, ಆಸ್ತಿಯಿಲ್ಲ, ತನ್ನದೆನ್ನುವ ತವರಿಲ್ಲ. ಅಧೀರ ಓದಿದವನು, ಹಣವುಳ್ಳವನು. ಜಾತಿ, ಅಂತಸ್ತು ಎರಡನ್ನೂ ಒಟ್ಟಿಗೆ ದಾಟಬೇಕಾದ ಮದುವೆ ಅದು, ಮತ್ತು ಆ ಎರಡನೆಯ ಅಂತರ ಇಂದಿಗೂ ನಮ್ಮಲ್ಲಿ ಕಡಿಮೆಯಾದಂತೆ ನನಗೆ ಕಾಣುವುದಿಲ್ಲ. ಇಬ್ಬರೂ ಇಂಜಿನಿಯರುಗಳಾದರೆ ಜಾತಿ ಬೇರೆಯಾದರೂ ಈಗ ಬಹಳ ಮನೆಗಳು ಒಪ್ಪುತ್ತವೆ. ಒಬ್ಬಳು ಅಡಿಕೆ ಸುಲಿಯುವವಳಾದರೆ ಏನಾಗುತ್ತದೆ ಎಂದು ನಿಮ್ಮ ತರಗತಿಯಲ್ಲಿ ಕೇಳಿ ನೋಡಿ.

‘ಅಛೂತ್ ಕನ್ಯಾ’ (1936) ಚಿತ್ರದಲ್ಲಿ ಬ್ರಾಹ್ಮಣ ಹುಡುಗನನ್ನು ಪ್ರೀತಿಸಿದ ದಲಿತ ಹುಡುಗಿ ಕೊನೆಗೆ ಸಾಯುತ್ತಾಳೆ. ಇಪ್ಪತ್ತಮೂರು ವರ್ಷಗಳ ಅನಂತರ ಸುಜಾತಾಳೂ ತಾನು ಯಾರೆಂದು ತಿಳಿದ ರಾತ್ರಿ ಮಳೆಯಲ್ಲಿ ನದಿಯ ದಡಕ್ಕೆ ಸಾಯಲೆಂದೇ ಓಡುತ್ತಾಳೆ. ಅಲ್ಲಿ ಗಾಂಧೀಜಿಯ ಪ್ರತಿಮೆಯ ಬಳಿ ಆತ್ಮಹತ್ಯೆ ಬೇಡವೆನ್ನುವ ಅವರ ಮಾತನ್ನು ಓದಿ ಹಿಂದಿರುಗುತ್ತಾಳೆ. ಹಿಂದಿ ಚಿತ್ರದಲ್ಲಿ ಇಂಥ ಹುಡುಗಿ ಬದುಕಿ ಉಳಿದು ಮದುವೆಯಾದದ್ದೇ ಒಂದು ಹೆಜ್ಜೆ.

ಪ್ರಶ್ನೆ (ಮುಳ್ಳೇರಿಯದ ಬಳಿಯಿಂದ ಒಬ್ಬ ಅಡಿಕೆ ಕೃಷಿಕರು, ಪತ್ರ ದೀರ್ಘವಾಗಿದ್ದುದರಿಂದ ಮುಖ್ಯ ಭಾಗವನ್ನಷ್ಟೇ ಕೊಟ್ಟಿದ್ದೇನೆ): ನನಗೀಗ ಎಪ್ಪತ್ತನಾಲ್ಕು ವರ್ಷ. 1979ರಲ್ಲಿ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳು ತೀರಿಕೊಂಡಳು. ಗಂಡ ಕೊಡಗಿನ ಕಡೆಗೆ ಹೋದವನು ತಿರುಗಿ ಬರಲಿಲ್ಲ. ಐದು ವರ್ಷದ ಹುಡುಗಿಯನ್ನು ನನ್ನ ಹೆಂಡತಿ ಮನೆಯೊಳಗೆ ಕರೆದುಕೊಂಡಳು. ಆಗ ನಮಗೆ ಮಕ್ಕಳಿರಲಿಲ್ಲ, ಮುಂದಿನ ವರ್ಷದಿಂದ ಎರಡು ಹೆಣ್ಣುಮಕ್ಕಳಾದವು. ಆ ಹುಡುಗಿ ನಮ್ಮೊಟ್ಟಿಗೇ ಉಂಡಳು, ನೆಂಟರು ಬಂದ ದಿನ ಮಾತ್ರ ಒಳಗೆ. ಹತ್ತನೇ ತರಗತಿಯ ತನಕ ಶಾಲೆಗೆ ಹೋದಳು, ನನ್ನ ಮಕ್ಕಳು ಮಂಗಳೂರಿನಲ್ಲಿ ಕಾಲೇಜು ಓದಿದರು. 1995ರಲ್ಲಿ ಆರು ಪವನು ಚಿನ್ನ ಹಾಕಿ ಅವಳ ಮದುವೆ ಮಾಡಿಸಿದೆವು. ಕಾಗದದಲ್ಲಿ ‘ನಮ್ಮಲ್ಲಿ ಬೆಳೆದ ಚಿ|ಸೌ|’ ಎಂದು ಹಾಕಿಸಿದ್ದೆ, ಅದು ತಪ್ಪೆಂದು ಆಗ ಅನಿಸಲಿಲ್ಲ. ಕಳೆದ ವರ್ಷ ನನ್ನ ಹೆಂಡತಿ ತೀರಿಕೊಂಡಾಗ ಅವಳು ಬಂದಳು. ಅಂಗಳದಲ್ಲಿ ನಿಂತಳು, ಚಾವಡಿಗೆ ಹತ್ತಲಿಲ್ಲ, ನೀರು ಸಹ ಕುಡಿಯದೆ ಸಂಜೆಯ ಬಸ್ಸಿಗೆ ಹೋದಳು. ‘ಸುಜಾತಾ’ ನೋಡಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅವಳನ್ನು ನಾವು ಮಗಳ ಹಾಗೆಯೇ ನೋಡಿಕೊಂಡಿದ್ದೆವು. ಈಗ ದತ್ತು ತೆಗೆದುಕೊಳ್ಳಬಹುದೇ? ಆಸ್ತಿಯಲ್ಲಿ ಏನಾದರೂ ಬರೆದಿಡಲೇ? ಮುಂದಿನ ತಿಂಗಳು ಹೆಂಡತಿಯ ವರ್ಷಾಂತದ ಕ್ರಿಯೆ ಇದೆ, ಆ ಹುಡುಗಿಯನ್ನು ಹೇಗೆ ಕರೆಯಲಿ?

ಉತ್ತರ: ಹಿರಿಯರೇ, ಇಷ್ಟು ಬಿಚ್ಚುಮನಸ್ಸಿನಿಂದ ಬರೆದಿರುವ ನಿಮಗೆ ಸಮಾಧಾನದ ಮಾತಷ್ಟೇ ಹೇಳಿ ಕಳುಹಿಸುವುದು ಸರಿಯಲ್ಲ. ನೀವು ಆ ಮಗುವನ್ನು ಬೀದಿಗೆ ಬಿಡಲಿಲ್ಲ, ಅನ್ನ ಕೊಟ್ಟಿರಿ, ಅಕ್ಷರ ಕೊಟ್ಟಿರಿ, ಚಿನ್ನ ಹಾಕಿ ಮದುವೆ ಮಾಡಿಸಿದಿರಿ. ಆ ಕಾಲದಲ್ಲಿ ನಿಮ್ಮ ನೆಂಟರು ಇದಕ್ಕೂ ಗೊಣಗಿರುತ್ತಾರೆ ಎಂದು ಊಹಿಸಬಲ್ಲೆ. ಇವನ್ನೆಲ್ಲ ಆಕೆ ಮರೆತಿರಲಾರಳು, ಮರೆತಿದ್ದರೆ ನಿಮ್ಮ ಮನೆಯವರು ತೀರಿಕೊಂಡ ದಿನ ಬಸ್ಸು ಹಿಡಿದು ಬರುತ್ತಿರಲಿಲ್ಲ.

ಆದರೆ ನಿಮ್ಮ ಪತ್ರದಲ್ಲಿಯೇ ಉತ್ತರದ ಅರ್ಧ ಭಾಗ ಇದೆ. ನೆಂಟರು ಬಂದ ದಿನ ಮಾತ್ರ ಒಳಗೆ ಎಂದು ಬರೆದಿದ್ದೀರಿ. ಆ ದಿನಗಳನ್ನು ನೀವು ‘ಮಾತ್ರ’ ಎಂಬ ಪದದಲ್ಲಿ ದಾಟಿ ಹೋದಿರಿ, ಮಗು ದಾಟಿರಲಾರಳು. ಉಳಿದ ಮುನ್ನೂರು ದಿನ ನಿಮ್ಮ ಜೊತೆ ಕುಳಿತು ಉಂಡದ್ದಕ್ಕಿಂತ, ಒಳಗೆ ಅಡುಗೆ ಕೋಣೆಯಲ್ಲಿ ಕುಳಿತು ಚಾವಡಿಯಲ್ಲಿ ಎಲೆ ಹಾಕುವ ಸದ್ದು ಕೇಳಿದ ಹತ್ತು ದಿನಗಳೇ ಆಕೆಗೆ ತಾನು ಯಾರೆಂದು ಕಲಿಸಿರುತ್ತವೆ. ಆಕೆ ಅಂಗಳದಲ್ಲಿ ನಿಂತದ್ದು ನಿಮ್ಮ ಮೇಲಿನ ಸಿಟ್ಟಿನಿಂದ ಎಂದು ನಾನು ಭಾವಿಸುವುದಿಲ್ಲ. ಅಂದು ಮನೆಯಲ್ಲಿ ನೆಂಟರಿದ್ದರು. ನೆಂಟರಿದ್ದಾಗ ತಾನು ಎಲ್ಲಿರಬೇಕೆಂದು ಆಕೆ ನಿಮ್ಮ ಮನೆಯಲ್ಲಿಯೇ ಕಲಿತಿದ್ದಳು.

ಲಗ್ನಪತ್ರಿಕೆಯ ಮಾತೂ ಅದೇ. ‘ನಮ್ಮಲ್ಲಿ ಬೆಳೆದ’ ಎಂಬುದು ಸುಳ್ಳಲ್ಲ. ಅದನ್ನು ಬರೆದದ್ದು ಹುಡುಗಿಗಾಗಿ ಅಲ್ಲ, ಓದುವ ನೆಂಟರಿಗಾಗಿ. ಇವಳು ನಮ್ಮವಳಲ್ಲ ಎಂದು ಅವರಿಗೆ ಮೊದಲೇ ತಿಳಿಸಲಿಕ್ಕಾಗಿ. ಚಾರು ಬಾಯಿಯಲ್ಲಿ ಹೇಳಿದ್ದನ್ನು ನೀವು ಅಚ್ಚು ಹಾಕಿಸಿದಿರಿ.

ದತ್ತಿನ ಬಗ್ಗೆ ಕೇಳಿದ್ದೀರಿ. ಹದಿನೈದು ವರ್ಷ ತುಂಬಿದವರನ್ನೂ ಮದುವೆಯಾದವರನ್ನೂ, ಬೇರೆ ರೂಢಿ ಇಲ್ಲದಿದ್ದರೆ, ಹಿಂದೂ ಕಾಯ್ದೆಯ ಪ್ರಕಾರ ದತ್ತು ಪಡೆಯುವಂತಿಲ್ಲ. ಆ ದಾರಿ ಈಗ ಇಲ್ಲ. 1979ರಲ್ಲಿ ಇತ್ತು. ಮೇಲೆ ಕುಂಬಳೆಯವರಿಗೆ ಬರೆದದ್ದನ್ನು ಓದಿದರೆ ನಿಮಗೆ ತಿಳಿಯುತ್ತದೆ. ರಮಾ ಇದ್ದುದರಿಂದ ಉಪೇಂದ್ರನಾಥರಿಗೆ ಬಾಗಿಲು ಮುಚ್ಚಿತ್ತು, ಅಂದು ಮಗಳಿಲ್ಲದ ನಿಮಗೆ ನ್ಯಾಯಾಲಯದ ಅನುಮತಿ ಪಡೆದು ಹೋಗುವ ದಾರಿ ತೆರೆದಿತ್ತು. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಸ್ಥಿತಿ ಸಿನಿಮಾದ ತಂದೆಯದಲ್ಲ ಎಂಬುದು ನಿಮಗೆ ಗೊತ್ತಿರಬೇಕೆಂದು ಹೇಳುತ್ತಿದ್ದೇನೆ.

ಆಸ್ತಿಯ ವಿಷಯದಲ್ಲಿ, ನಿಮ್ಮ ಸ್ವಯಾರ್ಜಿತವನ್ನು ನೀವು ಯಾರಿಗೆ ಬೇಕಾದರೂ ವಿಲ್ ಬರೆದು ಕೊಡಬಹುದು. ಪಿತ್ರಾರ್ಜಿತದ ಲೆಕ್ಕ ಬೇರೆ, ಅದಕ್ಕೆ ವಕೀಲರನ್ನು ಕಾಣಿ. ಕೊಡುವುದಿದ್ದರೆ ನಿಮ್ಮ ಇಬ್ಬರು ಮಕ್ಕಳನ್ನು ಕೂರಿಸಿ ಅವರಿಗೆ ಹೇಳಿಯೇ ಬರೆಯಿರಿ. ನೀವು ಹೋದ ಮೇಲೆ ಕಪಾಟಿನಿಂದ ಹೊರಬರುವ ಕಾಗದ ಆಕೆಯನ್ನು ಮತ್ತೊಮ್ಮೆ ಅಂಗಳದಲ್ಲಿ ನಿಲ್ಲಿಸುತ್ತದೆ, ಈ ಸಲ ಆಪಾದನೆಯೊಂದಿಗೆ. ಆದರೆ ಇದನ್ನು ಮೊದಲ ಕೆಲಸವಾಗಿ ಮಾಡಬೇಡಿ. ಮಾತು ಸರಿಯಾಗುವ ಮೊದಲು ಹಣ ಹೋದರೆ ಅದು ಸಂಬಳದ ಬಾಕಿಯಂತೆ ಕಾಣುತ್ತದೆ.

ಮೊದಲ ಕೆಲಸ ವರ್ಷಾಂತದ ಕಾಗದ. ನಮ್ಮ ಕಡೆಯ ಕ್ರಮದಂತೆ ಅದರ ಕೆಳಗೆ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಂದು ಹೆಸರುಗಳನ್ನು ಹಾಕಿಸುತ್ತೀರಿ. ಮಕ್ಕಳು ಎಂಬಲ್ಲಿ ಮೂರು ಹೆಸರು ಇರಲಿ. ಪ್ರಾಯದಲ್ಲಿ ಆಕೆಯೇ ಹಿರಿಯಳು, ಆದ್ದರಿಂದ ಆಕೆಯ ಹೆಸರೇ ಮೊದಲು ಬರಬೇಕು, ‘ಬೆಳೆದ’, ‘ಸಾಕಿದ’, ‘ಹಾಗೆ’ ಇಂಥ ಯಾವ ಪದವೂ ಅದರ ಹಿಂದೆ ಮುಂದೆ ಇಲ್ಲದೆ. ಅಳಿಯಂದಿರ ಸಾಲಿನಲ್ಲಿ ಆಕೆಯ ಗಂಡನ ಹೆಸರೂ, ಮೊಮ್ಮಕ್ಕಳ ಸಾಲಿನಲ್ಲಿ ಆಕೆಯ ಮಕ್ಕಳ ಹೆಸರೂ ಬರಲಿ. ಕರಡನ್ನು ಅಚ್ಚಿಗೆ ಕೊಡುವ ಮೊದಲು ನೀವೇ ಬಸ್ಸು ಹತ್ತಿ ಆಕೆಯ ಮನೆಗೆ ಹೋಗಿ, ಮಕ್ಕಳ ಕೈಯಲ್ಲಿ ಹೇಳಿ ಕಳುಹಿಸಬೇಡಿ, ಫೋನಿನಲ್ಲಿ ಮುಗಿಸಬೇಡಿ. ಅಲ್ಲಿ ಕೊಟ್ಟ ನೀರನ್ನು ಕುಡಿಯಿರಿ, ಊಟಕ್ಕೆ ಏಳಿಸಿದರೆ ಉಣ್ಣಿರಿ. ಕರಡನ್ನು ಆಕೆಯ ಕೈಗೆ ಕೊಟ್ಟು ಓದಲು ಹೇಳಿ. ಆಕೆ ಬೇಡವೆಂದರೆ ಒತ್ತಾಯಿಸಬೇಡಿ, ಅದು ಆಕೆಯ ಹಕ್ಕು. ಸರಿ ಎಂದರೆ, ಹೆಸರಿನ ಅಕ್ಷರಗಳನ್ನು ಹೇಗೆ ಬರೆಯಬೇಕೆಂದು ಆಕೆಯನ್ನೇ ಕೇಳಿ ತಿದ್ದಿಸಿಕೊಂಡು ಬನ್ನಿ.